ಎದೆಗೆ ಕಿವಿಗೊಟ್ಟ ಕಾಲ: ಹೈಡನ್‌ನ ಮನೆಹಾಡುಗಳು

(ಸಂಗೀತಪ್ರಿಯರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಅಂದು ನಡುನಡುವೆ ಹಾಡುಗಳನ್ನು ಕೇಳಿಸಿದ್ದೆ. ಇಲ್ಲಿ ಅವುಗಳ ಜಾಗದಲ್ಲಿ ನಾಲ್ಕು ಮಾತು ಜಾಸ್ತಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸಂಗೀತದ ಮಾತಿಗೆ ಮೊದಲು ಒಬ್ಬ ವೈದ್ಯನ ಕಥೆ ಹೇಳುತ್ತೇನೆ. ಅವನ ಹೆಸರು ಲೆಯೊಪೋಲ್ಡ್ ಆವೆನ್‌ಬ್ರುಗ್ಗರ್. ಕೆಲಸ ಮಾಡುತ್ತಿದ್ದದ್ದು ವಿಯೆನ್ನಾದಲ್ಲಿ. ಅವನ ಅಪ್ಪ ಗ್ರಾಟ್ಸ್ ಎಂಬ ಊರಿನಲ್ಲಿ ಹೋಟೆಲು ಇಟ್ಟುಕೊಂಡಿದ್ದವನು. ಪೀಪಾಯಿಯನ್ನು ಬೆರಳಿನಿಂದ ತಟ್ಟಿ, ಒಳಗೆ ವೈನ್ ಎಲ್ಲಿವರೆಗೆ ಇದೆ ಎಂದು ಸದ್ದಿನಿಂದಲೇ ಹೇಳುವುದನ್ನು ಹುಡುಗ ಅಲ್ಲೇ ಕಲಿತ ಎನ್ನುತ್ತಾರೆ. ನಾವು ಹಲಸಿನ ಹಣ್ಣು ತಟ್ಟಿ ನೋಡುತ್ತೇವಲ್ಲ, ಹಾಗೆ. 1761ರಲ್ಲಿ ಅವನು ಲ್ಯಾಟಿನ್ ಭಾಷೆಯಲ್ಲಿ ಒಂದು ಚಿಕ್ಕ ಪುಸ್ತಕ ಬರೆದ. ರೋಗಿಯ ಎದೆಯನ್ನು ಬೆರಳಿನಿಂದ ತಟ್ಟಿದರೆ ಬರುವ ಸದ್ದು ಒಳಗಿನ ಸ್ಥಿತಿಯನ್ನು ಹೇಳುತ್ತದೆ ಎಂಬುದು ಅದರ ವಿಷಯ. ಇವತ್ತಿಗೂ ಡಾಕ್ಟರು ಬೆನ್ನಿನ ಮೇಲೆ ಬೆರಳಿಟ್ಟು ಟಕಟಕ ತಟ್ಟುತ್ತಾರೆ. ಅದು ಅವನಿಂದ ಬಂದದ್ದು.

ಅದೇ 1761ರ ಮೇ ತಿಂಗಳಲ್ಲಿ ಯೋಸೆಫ್ ಹೈಡನ್ ಎಂಬ 29ರ ಸಂಗೀತಗಾರ ಎಸ್ಟರ್‌ಹಾಜಿ ರಾಜಮನೆತನದ ಚಾಕರಿಗೆ ಸೇರಿದ. ಸುಮಾರು ಇಪ್ಪತ್ತು ವರ್ಷಗಳ ನಂತರ, 1780ರಲ್ಲಿ, ಹೈಡನ್ ಆರು ಪಿಯಾನೋ ಸೊನಾಟಾಗಳನ್ನು ವಿಯೆನ್ನಾದ ಆರ್ಟಾರಿಯಾ ಎಂಬ ಪ್ರಕಾಶಕರಿಂದ ಅಚ್ಚು ಮಾಡಿಸಿ ಇಬ್ಬರು ಅಕ್ಕತಂಗಿಯರಿಗೆ ಅರ್ಪಿಸಿದ. ಅವರಿಬ್ಬರೂ ಇದೇ ವೈದ್ಯನ ಮಕ್ಕಳು. ಅವರ ಮೆಚ್ಚುಗೆಯೇ ತನಗೆ ಮುಖ್ಯ, ಅವರ ಸಂಗೀತದ ತಿಳಿವಳಿಕೆ ದೊಡ್ಡ ವಿದ್ವಾಂಸರಿಗೆ ಸಮ ಎಂದು ಪ್ರಕಾಶಕರಿಗೆ ಬರೆದ. ಆ ವೈದ್ಯನೂ ಬರೀ ವೈದ್ಯನಲ್ಲ. 1781ರಲ್ಲಿ ಸಾಲಿಯೆರಿ ಎಂಬ ಸಂಗೀತಗಾರನ ಒಂದು ಹಾಡುನಾಟಕಕ್ಕೆ ಮಾತು ಬರೆದುಕೊಟ್ಟವನು ಅವನೇ.

ಹೈಡನ್ ಹಾಡುಗಳ ಬಗ್ಗೆ ಓದುತ್ತಾ ಹೋದ ಹಾಗೆ ನನಗೆ ಇಂಥ ಮನೆಗಳೇ ಸಿಕ್ಕವು. ಒಂದು ಕೋಣೆಯಲ್ಲಿ ವಿಜ್ಞಾನ, ಪಕ್ಕದ ಕೋಣೆಯಲ್ಲಿ ಪಿಯಾನೋ. ಎರಡೂ ಕಡೆ ನಡೆಯುತ್ತಿದ್ದ ಕೆಲಸ ಒಂದೇ ಎಂದು ನನಗೆ ಅನಿಸುತ್ತದೆ. ಮನುಷ್ಯನ ಒಳಗೆ ಏನಿದೆ ಎಂದು ಕಿವಿಗೊಟ್ಟು ಕೇಳುವುದು.

ಎನ್‌ಲೈಟನ್‌ಮೆಂಟ್ ಎಂಬ ಮಾತಿಗೆ ನಮ್ಮಲ್ಲಿ ಜ್ಞಾನೋದಯ ಎನ್ನುತ್ತಾರೆ. ಜ್ಞಾನೋದಯ ಅಂದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ಬೋಧಿವೃಕ್ಷ, ಅದರ ಕೆಳಗೆ ಒಬ್ಬನೇ ಕುಳಿತ ಬುದ್ಧ. ಯುರೋಪಿನ ಹದಿನೆಂಟನೇ ಶತಮಾನದ ಈ ಬೆಳಕು ಬೇರೆ ಥರದ್ದು. ಅದು ಜನ ಸೇರಿದ ಕಡೆ ಹುಟ್ಟಿದ್ದು. ಕಾಫಿ ಅಂಗಡಿಯಲ್ಲಿ, ಪತ್ರಿಕೆಯಲ್ಲಿ, ಸಂಜೆ ಹೊತ್ತು ಯಾರದೋ ಮನೆಯ ಪಡಸಾಲೆಯಲ್ಲಿ. 'ನಿನ್ನ ಬುದ್ಧಿಯನ್ನು ನೀನೇ ಬಳಸುವ ಧೈರ್ಯ ಮಾಡು' ಎಂದು ಕಾಂಟ್ ಎಂಬ ಜರ್ಮನ್ ತತ್ವಜ್ಞಾನಿ ಬರೆದದ್ದು 1784ರಲ್ಲಿ. ಆ ಮಾತು ಎಲ್ಲ ಪುಸ್ತಕಗಳಲ್ಲೂ ಸಿಗುತ್ತದೆ. ಅದರಿಂದಾಗಿ ಆ ಕಾಲ ಬರೀ ತರ್ಕದ, ಒಣ ಬುದ್ಧಿಯ ಕಾಲ ಎಂಬ ಅಭಿಪ್ರಾಯ ಉಳಿದುಬಿಟ್ಟಿದೆ. ಅದೇ 1784ರಲ್ಲಿ ಹೈಡನ್‌ನ ಹಾಡುಗಳ ಎರಡನೇ ಪುಸ್ತಕ ಬಂತು. ಬುದ್ಧಿಯ ಜೊತೆಗೆ ಭಾವಕ್ಕೂ ಅಷ್ಟೇ ಬೆಲೆ ಕೊಟ್ಟ ಕಾಲ ಅದು ಎಂದು ಆ ಹಾಡುಗಳು ಹೇಳುತ್ತವೆ.

ಹೈಡನ್ ಅಂದರೆ ಸಿಂಫನಿ, ಕ್ವಾರ್ಟೆಟ್. ನೂರಕ್ಕೂ ಹೆಚ್ಚು ಸಿಂಫನಿ ಬರೆದವನ ಹಾಡುಗಳನ್ನು ಯಾರು ಕೇಳುತ್ತಾರೆ? ನಾನೂ ಬಹಳ ವರ್ಷ ಕೇಳಿರಲಿಲ್ಲ. ಲೀಡ್ ಎಂದು ಜರ್ಮನ್ನರು ಕರೆಯುವ ಈ ಪ್ರಕಾರ ನಮ್ಮ ಭಾವಗೀತೆಗೆ ಹತ್ತಿರ. ಕವಿಯೊಬ್ಬನ ಕವಿತೆ, ಅದಕ್ಕೊಂದು ಮಟ್ಟು, ಜೊತೆಗೆ ಒಂದು ವಾದ್ಯ. ರಂಗಸಜ್ಜಿಕೆ ಬೇಡ, ವೇಷ ಬೇಡ.

ಹೈಡನ್ ಹುಟ್ಟಿದ್ದೇ ಇಂಥ ಹಾಡಿನ ಮನೆಯಲ್ಲಿ. 1732, ರೋರಾವು ಎಂಬ ಹಳ್ಳಿ. ಅಪ್ಪ ಗಾಡಿ ಚಕ್ರ ಮಾಡುವ ಕಸುಬಿನವನು. ಸ್ವರಲಿಪಿ ಓದಲು ಬರುತ್ತಿರಲಿಲ್ಲ, ಆದರೆ ಕಿವಿಯಿಂದಲೇ ಹಾರ್ಪ್ ನುಡಿಸುತ್ತಿದ್ದ. ಅಮ್ಮ ಹಾಡುತ್ತಿದ್ದಳು. ಆ ಹಾಡುಗಳು ಹೈಡನ್‌ಗೆ ಮುಪ್ಪಿನಲ್ಲೂ ನೆನಪಿದ್ದವು. ಮುಂದೆ ವಿಯೆನ್ನಾದ ಸಂತ ಸ್ಟೀಫನ್ ಚರ್ಚಿನಲ್ಲಿ ಬಾಲಗಾಯಕನಾದ. ಧ್ವನಿ ಒಡೆದ ಮೇಲೆ ಬೀದಿಗೆ ಬಿದ್ದ. ಆಮೇಲೆ ಪೋರ್ಪೊರಾ ಎಂಬ ಇಟಲಿಯ ಗಾನಗುರುವಿನ ಬಳಿ ಆಳಿನ ಕೆಲಸ ಮಾಡುತ್ತಾ, ಶಿಷ್ಯರ ಪಾಠಕ್ಕೆ ಪಕ್ಕವಾದ್ಯ ನುಡಿಸುತ್ತಾ ಹಾಡುಗಾರಿಕೆಯ ಒಳಗುಟ್ಟು ಕಲಿತ. ಅಂದರೆ ಹೈಡನ್ ಮೊದಲು ಹಾಡುಗಾರ. ಉಳಿದದ್ದೆಲ್ಲ ಆಮೇಲೆ.

ಹಾಗಿದ್ದರೆ ಹಾಡುಗಳ ಪುಸ್ತಕ ಬರಲು 1781ರವರೆಗೆ ಯಾಕೆ ಕಾಯಬೇಕಾಯಿತು? ಒಂದು ಕಾರಣ ಕರಾರುಪತ್ರ. 1761ರ ಕರಾರಿನ ಪ್ರಕಾರ ಅವನು ಬರೆದದ್ದೆಲ್ಲ ರಾಜಕುಮಾರನ ಸ್ವತ್ತು. 1779ರ ಹೊಸ ಕರಾರಿನಲ್ಲಿ ಆ ಷರತ್ತು ಬಿಟ್ಟುಹೋಯಿತು. ಈಗ ಬರೆದದ್ದನ್ನು ತಾನೇ ಮಾರಬಹುದು. ಕೊಳ್ಳುವವರೂ ತಯಾರಾಗಿದ್ದರು. ಅಧಿಕಾರಿಗಳ, ವೈದ್ಯರ, ವ್ಯಾಪಾರಿಗಳ ಮನೆಗಳಿಗೆ ಪಿಯಾನೋ ಬರುತ್ತಿತ್ತು. ಅದರ ಮುಂದೆ ಕೂರುತ್ತಿದ್ದವರು ಹೆಚ್ಚಾಗಿ ಆ ಮನೆಯ ಹೆಣ್ಣುಮಕ್ಕಳು. ಇನ್ನೊಂದು ಕಾರಣ ಚಕ್ರವರ್ತಿ ಎರಡನೇ ಯೋಸೆಫ್. 1781ರಲ್ಲಿ ಅವನು ಪುಸ್ತಕಗಳ ಮೇಲಿನ ಸೆನ್ಸಾರ್ ಸಡಿಲ ಮಾಡಿದ, ಬೇರೆ ಪಂಥದ ಕ್ರೈಸ್ತರಿಗೆ ತಮ್ಮ ಪ್ರಾರ್ಥನೆಯ ಹಕ್ಕು ಕೊಟ್ಟ, ಜೀತದಂಥ ಪದ್ಧತಿಯನ್ನು ತೆಗೆದುಹಾಕಿದ. ಉತ್ತರ ಜರ್ಮನಿಯ ಕವಿಗಳ ಪುಸ್ತಕಗಳು ವಿಯೆನ್ನಾದ ಅಂಗಡಿಗಳಲ್ಲಿ ಧಾರಾಳವಾಗಿ ಸಿಗತೊಡಗಿದವು.

ಇಲ್ಲಿ ಅಂದು ನಾನು ಪರದೆಯ ಮೇಲೆ ಒಂದು ಪುಟ ತೋರಿಸಿದೆ. 1781ರ ಹಾಡುಪುಸ್ತಕದ ಹಳೆಯ ಮುದ್ರಣ. ಪಾಶ್ಚಾತ್ಯ ಸ್ವರಲಿಪಿ ನೋಡಿದವರಿಗೆ ಗೊತ್ತು, ಹಾಡಿಗೆ ಸಾಮಾನ್ಯವಾಗಿ ಸ್ವರ ಬರೆಯುವ ಗೆರೆಗಳ ಮೂರು ಪಟ್ಟಿಗಳಿರುತ್ತವೆ. ಮೇಲಿನದು ಗಾಯಕರಿಗೆ, ಕೆಳಗಿನ ಎರಡು ಪಿಯಾನೋದ ಎರಡು ಕೈಗಳಿಗೆ. ಈ ಪುಟದಲ್ಲಿ ಇರುವುದು ಎರಡೇ. ಬಲಗೈ ನುಡಿಸುವ ಸ್ವರವನ್ನೇ ಬಾಯಿ ಹಾಡುತ್ತದೆ. ಹಾಡಿನ ಮಾತುಗಳನ್ನು ಆ ಎರಡು ಪಟ್ಟಿಗಳ ನಡುವೆ ಅಚ್ಚು ಹಾಕಿದ್ದಾರೆ.

ಇದರ ಅರ್ಥ ಏನು? ನುಡಿಸುವವಳೇ ಹಾಡುವವಳು. ಕೇಳುವವಳೂ ಅವಳೇ ಇರಬಹುದು. ಸಂಜೆ ಮನೆಕೆಲಸ ಮುಗಿದ ಮೇಲೆ ಒಬ್ಬಳೇ ಕೂತು, ತನ್ನ ಪಾಡಿಗೆ ತಾನು ಹಾಡಿಕೊಳ್ಳುವ ಪುಸ್ತಕ ಇದು. ಒಬ್ಬ ಸಾಮಾನ್ಯ ಮನುಷ್ಯಳ ಖಾಸಗಿ ಸಂಜೆಗೆ ಯುರೋಪಿನ ದೊಡ್ಡ ಸಂಗೀತಗಾರನೊಬ್ಬ ಕೂತು ಸಂಗೀತ ಬರೆದುಕೊಟ್ಟ. ಎನ್‌ಲೈಟನ್‌ಮೆಂಟ್ ಅಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಈ ಪುಟವನ್ನು ತೋರಿಸುತ್ತೇನೆ.

ಕವಿತೆಗಳನ್ನು ಆರಿಸಲು ಹೈಡನ್‌ಗೆ ನೆರವಾದವನು ಫ್ರಾಂಟ್ಸ್ ಫಾನ್ ಗ್ರೈನರ್. ಆಸ್ಥಾನದ ದೊಡ್ಡ ಅಧಿಕಾರಿ, ಸುಧಾರಣೆಗಳ ಪರ ಇದ್ದವನು. ಅವನ ಮನೆಯಲ್ಲಿ ಕವಿಗಳು, ವಿಜ್ಞಾನಿಗಳು, ಸಂಗೀತಗಾರರು ಸೇರುತ್ತಿದ್ದರು. ಕೆಲಸ ನಡೆಯುವಾಗ ಹೈಡನ್ ಪ್ರಕಾಶಕರಿಗೆ ಬರೆದ ಪತ್ರಗಳು ಉಳಿದಿವೆ. ಇನ್ನೂ ಮೂರು ಕೋಮಲವಾದ ಕವಿತೆ ಬೇಕು, ಇರುವುದೆಲ್ಲ ಹೆಚ್ಚುಕಡಿಮೆ ನಗುವಿನ ಹಾಡುಗಳೇ ಆದವು, ದುಃಖದ್ದಾದರೂ ಪರವಾಗಿಲ್ಲ, ನನಗೆ ನೆರಳೂ ಬೇಕು ಬೆಳಕೂ ಬೇಕು ಎಂದು ಕೇಳುತ್ತಾನೆ. ಇನ್ನೊಂದು ಪತ್ರದಲ್ಲಿ, ಅಚ್ಚಾಗುವ ಮೊದಲು ಯಾರೂ ಇವನ್ನು ನಕಲು ಮಾಡಬಾರದು, ಹಾಡಿ ಕೆಡಿಸಬಾರದು, ಸಂಗೀತ ಬಲ್ಲ ಮನೆಗಳಿಗೆ ಹೋಗಿ ನಾನೇ ಹಾಡುತ್ತೇನೆ ಎನ್ನುತ್ತಾನೆ. ಐವತ್ತರ ಹತ್ತಿರದ ಹೈಡನ್ ಯಾರದೋ ಮನೆಯ ಪಿಯಾನೋ ಮುಂದೆ ಕೂತು ತಾನೇ ಹಾಡುತ್ತಿದ್ದಾನೆ. ಆ ಚಿತ್ರ ನನ್ನ ಕಣ್ಣ ಮುಂದಿನಿಂದ ಹೋಗುವುದಿಲ್ಲ.

ಅದೇ ಪತ್ರದಲ್ಲಿ ಸಿಟ್ಟೂ ಇದೆ. ಲೆಯೊಪೋಲ್ಡ್ ಹಾಫ್‌ಮನ್ ಎಂಬ ಚರ್ಚಿನ ಸಂಗೀತ ನಿರ್ದೇಶಕ ಇದೇ ಕವಿತೆಗಳಲ್ಲಿ ಮೂರಕ್ಕೆ ಮಟ್ಟು ಹಾಕಿದ್ದ. ಅವು ಬೀದಿ ಹಾಡುಗಳು, ಅವುಗಳಲ್ಲಿ ಆಲೋಚನೆಯೂ ಇಲ್ಲ, ಭಾವವೂ ಇಲ್ಲ, ರಾಗವಂತೂ ಇಲ್ಲವೇ ಇಲ್ಲ, ವ್ಯತ್ಯಾಸ ತೋರಿಸಲೆಂದೇ ಅದೇ ಮೂರನ್ನು ನಾನೂ ಮಾಡಿದ್ದೇನೆ ಎಂದು ಬರೆದ. ಹೈಡನ್ ಸಾಧು ಮನುಷ್ಯ ಎಂಬ ಮಾತಿದೆ. ಹಾಡಿನ ವಿಷಯ ಬಂದಾಗ ಅವನು ಬಿಟ್ಟುಕೊಡುತ್ತಿರಲಿಲ್ಲ.

ಈ ಎರಡು ಪುಸ್ತಕಗಳ 24 ಹಾಡುಗಳಲ್ಲಿ ಎಲ್ಲವೂ ಚಿನ್ನವಲ್ಲ. ಕೆಲವು ಕವಿತೆಗಳು ತೀರಾ ಸಪ್ಪೆ. ಆದರೆ ಎರಡನೇ ಪುಸ್ತಕದಲ್ಲಿ ಒಂದು ಹಾಡಿದೆ. ಅಂದು ಅದನ್ನು ಎರಡು ಸಲ ಕೇಳಿಸಿದೆ. ಹೆಸರು 'ಸೋಮಾರಿತನದ ಸ್ತುತಿ'. ಕವಿತೆ ಲೆಸಿಂಗ್‌ನದು. ಎಲ್ಲ ಧರ್ಮಗಳೂ ಸಮ ಎಂದು ನಾಟಕದಲ್ಲಿ ಹೇಳಿ ಜರ್ಮನ್ ಎನ್‌ಲೈಟನ್‌ಮೆಂಟಿನ ದೊಡ್ಡ ದನಿಯಾದ ಅದೇ ಲೆಸಿಂಗ್ ಹರೆಯದಲ್ಲಿ ಬರೆದದ್ದು. ಸೋಮಾರಿತನವೇ, ಕೊನೆಗೂ ನಿನಗೊಂದು ಪುಟ್ಟ ಸ್ತುತಿ ಹಾಡಬೇಕು ಎಂದು ಶುರು ಮಾಡುತ್ತಾನೆ. ಅಯ್ಯೋ, ನಿನ್ನ ಯೋಗ್ಯತೆಗೆ ತಕ್ಕ ಹಾಗೆ ಹಾಡುವುದು ಎಷ್ಟು... ಕಷ್ಟ... ಎಂದು ಎಳೆಯುತ್ತಾನೆ. ಎರಡನೇ ಚರಣದಲ್ಲಿ ಆಕಳಿಕೆಯೇ ಬಂದುಬಿಡುತ್ತದೆ. ಹಾಡಲಾಗಲಿಲ್ಲ, ಕ್ಷಮಿಸು, ಹಾಡಲು ಬಿಡದವಳು ನೀನೇ ಅಲ್ವಾ ಎಂದು ಮುಗಿಸುತ್ತಾನೆ.

ಆ ಕಾಲದಲ್ಲಿ ಸದ್ಗುಣಗಳ ಮೇಲೆ ಸ್ತುತಿಪದ್ಯ ಬರೆಯುವುದು ವಾಡಿಕೆ. ತಾಳ್ಮೆಗೆ ಒಂದು, ದುಡಿಮೆಗೆ ಒಂದು, ಸ್ನೇಹಕ್ಕೆ ಒಂದು. ಲೆಸಿಂಗ್ ಅದೇ ಗಂಭೀರ ಅಚ್ಚಿನಲ್ಲಿ ಸೋಮಾರಿತನವನ್ನು ಕೂರಿಸಿದ. ಹೈಡನ್ ಮಾಡಿದ್ದು ಅದಕ್ಕಿಂತ ಸೂಕ್ಷ್ಮ. ನಗೆಹಾಡಿಗೆ ಕುಣಿಯುವ ಮಟ್ಟು ಹಾಕಲಿಲ್ಲ. ನಿಜವಾದ ಶೋಕಗೀತೆಗೆ ಬಳಸುವ ಮೈನರ್ ಸ್ವರಗಳನ್ನು ತೆಗೆದುಕೊಂಡ. ನಡೆ ನಿಧಾನ. ಸ್ವರಗಳು ಒಂದರ ಪಕ್ಕ ಒಂದು ತೆವಳುತ್ತಾ ಹೋಗುತ್ತವೆ, ಹಾಸಿಗೆಯಿಂದ ಏಳಲಾಗದವನು ಮಗ್ಗುಲು ಬದಲಿಸಿದ ಹಾಗೆ. ಭಾಷೆ ಗೊತ್ತಿಲ್ಲದವರು ಕೇಳಿದರೆ ಯಾರೋ ತೀರಿಕೊಂಡಿದ್ದಾರೆ ಎಂದುಕೊಳ್ಳಬೇಕು. ಮಾತು ಗೊತ್ತಾದ ಕೂಡಲೇ ನಗು ಬರುತ್ತದೆ. ಅಂದು ಸಭೆಯಲ್ಲಿ ಹಾಗೇ ಆಯಿತು. ಮೊದಲ ಸಲ ಅರ್ಥ ಹೇಳದೆ ಕೇಳಿಸಿದೆ, ಎಲ್ಲರೂ ಗಂಭೀರವಾಗಿದ್ದರು. ಅರ್ಥ ಹೇಳಿ ಎರಡನೇ ಸಲ ಕೇಳಿಸಿದಾಗ ಆಕಳಿಕೆಯ ಜಾಗದಲ್ಲಿ ಹಿಂದಿನ ಸಾಲಿನವರೆಗೂ ನಗು ಹರಡಿತು.

ಅದೇ ಪುಸ್ತಕದ ಕೊನೆಯ ಹಾಡು 'ನನ್ನ ಅಪ್ಪನ ಗೋರಿಯ ಬಳಿ'. ನೆರಳೂ ಬೇಕು ಬೆಳಕೂ ಬೇಕು ಎಂದವನು ಮಾತಿಗೆ ತಪ್ಪಲಿಲ್ಲ.

ಗ್ರೈನರ್ ಮನೆಯಲ್ಲಿ ಒಬ್ಬಳು ಮಗಳಿದ್ದಳು. ಮೊದಲ ಪುಸ್ತಕ ಬಂದಾಗ ಅವಳಿಗೆ 12 ವರ್ಷ. ಮುಂದೆ ಕರೋಲೀನ್ ಪಿಖ್ಲರ್ ಎಂಬ ಹೆಸರಿನಿಂದ ದೊಡ್ಡ ಲೇಖಕಿಯಾದಳು. ತನ್ನ ನೆನಪುಗಳಲ್ಲಿ ಅವಳು ಹೈಡನ್, ಮೊಜಾರ್ಟ್ ಇಬ್ಬರ ಬಗ್ಗೆಯೂ ಬರೆದಿದ್ದಾಳೆ. ಮಾತುಕತೆಯಲ್ಲಿ ಇವರಲ್ಲಿ ಅಂಥ ವಿಶೇಷ ಬುದ್ಧಿ ಏನೂ ಕಾಣುತ್ತಿರಲಿಲ್ಲ ಎಂಬುದು ಅವಳ ಅಭಿಪ್ರಾಯ. ಪಾಂಡಿತ್ಯದ ಮಾತಿಗೆ ಬೆಲೆ ಇದ್ದ ಮನೆ ಅದು, ಅವಳಿಗೆ ಹಾಗೆ ಕಂಡಿರಬಹುದು. ಆದರೆ ನಾನು ಒಪ್ಪಲಾರೆ. ಲೆಸಿಂಗ್‌ನ ಕವಿತೆಯನ್ನು ಹೈಡನ್‌ಗಿಂತ ಚೆನ್ನಾಗಿ ಓದಿದ ವಿಮರ್ಶಕ ಯಾರಿದ್ದಾರೆ? ಅವನ ಓದು ಮಾತಿನಲ್ಲಿ ಇರಲಿಲ್ಲ, ಬೆರಳಿನಲ್ಲಿತ್ತು.

ಈಗ ಲಂಡನ್‌ಗೆ ಹೋಗೋಣ. 1791ರ ಹೊಸ ವರ್ಷದ ಹೊತ್ತಿಗೆ ಹೈಡನ್ ಅಲ್ಲಿಗೆ ಹೋದ. ವಯಸ್ಸು 58. ಅದುವರೆಗೆ ಸಮುದ್ರವನ್ನೇ ನೋಡಿರಲಿಲ್ಲ. ಆ ಬೇಸಿಗೆಯಲ್ಲಿ ಆಕ್ಸ್‌ಫರ್ಡ್ ಗೌರವ ಡಾಕ್ಟರೇಟ್ ಕೊಟ್ಟಿತು. ಇಂಗ್ಲೆಂಡಿನ ಪುಸ್ತಕಗಳ ಮೇಲೆ ಅವನು 'ಡಾಕ್ಟರ್ ಹೈಡನ್' ಆದ.

ಲಂಡನ್‌ನಲ್ಲಿ ಅವನಿಗೆ ಇನ್ನೊಂದು ವೈದ್ಯರ ಮನೆ ಸಿಕ್ಕಿತು. ಲೆಸ್ಟರ್ ಸ್ಕ್ವೇರ್‌ನಲ್ಲಿ ಜಾನ್ ಹಂಟರ್ ಮನೆ. ಆ ಕಾಲದ ಅತಿ ದೊಡ್ಡ ಶಸ್ತ್ರವೈದ್ಯ. ಮನುಷ್ಯರ, ಪ್ರಾಣಿಗಳ ದೇಹದ ಸಾವಿರಾರು ಭಾಗಗಳನ್ನು ಕೂಡಿಟ್ಟು ಮನೆಯಲ್ಲೇ ಮ್ಯೂಸಿಯಂ ಮಾಡಿದ್ದ. ಮುಂದಿನ ಬಾಗಿಲಿಗೆ ಅತಿಥಿಗಳ ಸಾರೋಟು ಬರುತ್ತಿತ್ತು. ಹಿಂದಿನ ಬೀದಿಯ ಬಾಗಿಲಿನಿಂದ ಕೊಯ್ದು ನೋಡಲು ಹೆಣಗಳು ಬರುತ್ತಿದ್ದವು. ಮುಂದಿನ ಪಡಸಾಲೆಯಲ್ಲಿ ಅವನ ಹೆಂಡತಿ ಆನ್ ಹಂಟರ್ ಕವಿತೆ, ಸಂಗೀತದ ಕೂಟ ನಡೆಸುತ್ತಿದ್ದಳು. ಆಕೆ ಸ್ವತಃ ಕವಿ. ಓದು ಬರಹದ ಹೆಂಗಸರು ಸೇರಿ ಗಂಡಸರ ಜೊತೆ ಸರಿಸಮ ಚರ್ಚೆ ಮಾಡುತ್ತಿದ್ದ ಲಂಡನ್ನಿನ ಬಳಗಗಳಲ್ಲಿ ಆಕೆಗೂ ಗೆಳತಿಯರಿದ್ದರು.

ಹೈಡನ್‌ಗೆ ಮೂಗಿನಲ್ಲಿ ದುರ್ಮಾಂಸ ಬೆಳೆದಿತ್ತು. ಅದನ್ನು ತೆಗೆಯಬೇಕೆಂದು ಹಂಟರ್‌ಗೆ ಬಹಳ ಆಸೆ. 1792ರಲ್ಲಿ ಹೈಡನ್ ಹೊರಡುವ ಮುಂಚೆ ಏನೋ ಮಾತಾಡಬೇಕೆಂದು ಮನೆಗೆ ಕರೆಸಿದ. ಕುಶಲ ವಿಚಾರಿಸಿ ಮುಗಿಯುವಷ್ಟರಲ್ಲಿ ಗಟ್ಟಿಮುಟ್ಟಾದ ಕೆಲವು ಆಳುಗಳು ಬಂದು ಹೈಡನ್‌ನನ್ನು ಹಿಡಿದು ಕುರ್ಚಿಗೆ ಒತ್ತಿದರು. ಹಂಟರ್ ಸಲಕರಣೆ ಹಿಡಿದು ನಿಂತಿದ್ದ. ಹೈಡನ್ ಕಿರುಚಿದ, ಗುದ್ದಿದ, ಒದ್ದ. ಕೊನೆಗೆ ಬಿಟ್ಟರು. ಇಂಥ ಕೈಚಳಕದ ಲಾಭ ಪಡೆಯದೆ ಹೋದನಲ್ಲ ಎಂದು ವೈದ್ಯನಿಗೇ ಅಯ್ಯೋ ಅನಿಸಿದ ಹಾಗಿತ್ತಂತೆ. ಹೈಡನ್ ಮುಂದೆ ಈ ಕಥೆಯನ್ನು ತನ್ನ ಜೀವನಚರಿತ್ರೆ ಬರೆಯುವವರಿಗೆ ಹೇಳಿದ. ಆ ದುರ್ಮಾಂಸ ಅವನ ಜೊತೆಯಲ್ಲೇ ಉಳಿಯಿತು.

ಹಂಟರ್ 1793ರ ಅಕ್ಟೋಬರಿನಲ್ಲಿ ತೀರಿಕೊಂಡ. 1794ರಲ್ಲಿ ಹೈಡನ್ ಲಂಡನ್‌ಗೆ ಎರಡನೇ ಸಲ ಬಂದಾಗ ಆನ್ ವಿಧವೆ. ಮನೆಯಲ್ಲಿ ಹಣದ ಅಡಚಣೆ ಶುರುವಾಗಿತ್ತು. ಆ ವರ್ಷವೇ ಹೈಡನ್‌ನ ಆರು ಇಂಗ್ಲಿಷ್ ಕ್ಯಾಂಝೊನೆಟಾಗಳು, ಅಂದರೆ ಪುಟ್ಟ ಹಾಡುಗಳು, ಅಚ್ಚಾದವು. ಮಾತುಗಳು ಆಕೆಯವು. ಕವಿ ಎಂದು ಪುಸ್ತಕದಲ್ಲಿ ಹೆಸರು ಹಾಕಲಿಲ್ಲ. 'ಮಿಸೆಸ್ ಜಾನ್ ಹಂಟರ್' ಅವರಿಗೆ ಅರ್ಪಣೆ ಎಂದಷ್ಟೇ ಹಾಕಿದರು. ಇದು ನನ್ನನ್ನು ಚುಚ್ಚುತ್ತದೆ. ಬುದ್ಧಿಯನ್ನು ನೀನೇ ಬಳಸು ಎಂದ ಕಾಲವೇ ಹೆಣ್ಣಿನ ಹೆಸರನ್ನು ಗಂಡನ ಹೆಸರಿನ ಹಿಂದೆ ಇಟ್ಟಿತ್ತು. ಆಕೆಯ ಕವಿತೆಗಳ ಪುಸ್ತಕ ಆಕೆಯದೇ ಹೆಸರಿನಲ್ಲಿ ಬಂದದ್ದು 1802ರಲ್ಲಿ, ಅರವತ್ತರ ವಯಸ್ಸಿನಲ್ಲಿ.

ಇಲ್ಲಿ ನಮ್ಮ ನೆಲಕ್ಕೆ ತಾಗುವ ಒಂದು ಸಂಗತಿ ಹೇಳಲೇಬೇಕು. ಆನ್ ಹಂಟರ್‌ಗೆ ರಾಬರ್ಟ್ ಹೋಮ್ ಎಂಬ ತಮ್ಮನಿದ್ದ. ಚಿತ್ರಕಾರ. 1791ರಲ್ಲಿ ಮದ್ರಾಸಿಗೆ ಬಂದು, ಕಾರ್ನ್‌ವಾಲಿಸ್‌ನ ಸೈನ್ಯದ ಜೊತೆ ಮೈಸೂರಿನ ಮೇಲಿನ ಯುದ್ಧಕ್ಕೆ ಹೋದ. ಬೆಂಗಳೂರು, ಸಾವನದುರ್ಗ, ಶ್ರೀರಂಗಪಟ್ಟಣಗಳನ್ನು ಚಿತ್ರಿಸಿದ. ಟಿಪ್ಪುವಿನ ಇಬ್ಬರು ಚಿಕ್ಕ ಮಕ್ಕಳನ್ನು ಒತ್ತೆಯಾಳಾಗಿ ಒಪ್ಪಿಸಿದ ದೃಶ್ಯವನ್ನು ದೊಡ್ಡ ಚಿತ್ರವಾಗಿ ಬರೆದ. ಅವನ ಮೈಸೂರು ಸೀಮೆಯ ಚಿತ್ರಗಳ ಪುಸ್ತಕ ಲಂಡನ್‌ನಲ್ಲಿ ಅಚ್ಚಾದದ್ದು 1794ರಲ್ಲಿ. ಅಕ್ಕನ ಹಾಡುಗಳು, ತಮ್ಮನ ಚಿತ್ರಗಳು, ಒಂದೇ ಊರಿನಲ್ಲಿ ಒಂದೇ ವರ್ಷ. ಆ ಕೋಟೆ ಚಿತ್ರಗಳನ್ನು ನಮ್ಮ ಇತಿಹಾಸದ ಪುಸ್ತಕಗಳಲ್ಲಿ ನಾನು ಮೊದಲೇ ನೋಡಿದ್ದೆ. ಆ ಕೈಗೂ ಈ ಹಾಡಿಗೂ ರಕ್ತಸಂಬಂಧ ಇದೆ ಎಂದು ಗೊತ್ತಾದಾಗ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ.

ಅಕ್ಕ ಬರೆದ ಇನ್ನೊಂದು ಕವಿತೆ ಆಗ ಇಂಗ್ಲೆಂಡಿನಲ್ಲಿ ಬಹಳ ಹೆಸರಾಗಿತ್ತು. ಅಮೆರಿಕದ ಚೆರೋಕಿ ಬುಡಕಟ್ಟಿನ ಯೋಧನೊಬ್ಬ ಶತ್ರುಗಳ ಚಿತ್ರಹಿಂಸೆಯ ನಡುವೆ, ಅಳದೆ, ತನ್ನ ಸಾವಿನ ಹಾಡು ಹಾಡುವ ಕವಿತೆ. ಚೆರೋಕಿಗಳ ನಡುವೆ ಇದ್ದು ಬಂದವನೊಬ್ಬ ಹಾಡಿ ತೋರಿಸಿದ ಮಟ್ಟಿಗೆ ಆಕೆ ಮಾತು ಕೂರಿಸಿದ್ದಳು. ದೂರದ, ಸೋತ ಮನುಷ್ಯನ ಎದೆಯೊಳಗೆ ಇಳಿದು ಅವನ ದನಿಯಲ್ಲಿ ಮಾತಾಡುವ ಆಸೆ ಆ ಕಾಲಕ್ಕೆ ನಿಜವಾಗಿ ಇತ್ತು. ಆ ಕಾಲವೇ ಸೈನ್ಯದ ಹಿಂದೆ ಚಿತ್ರಕಾರನನ್ನೂ ಕಳಿಸಿತು. ಎರಡೂ ಒಂದೇ ಮನೆಯಿಂದ ಬಂದವು. ಒಂದನ್ನು ಮರೆತು ಇನ್ನೊಂದನ್ನು ಹೇಳಿದರೆ ಅರ್ಧ ಕಥೆ ಹೇಳಿದ ಹಾಗೆ.

ಕ್ಯಾಂಝೊನೆಟಾಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಕುರಿ ಕಾಯುವ ಹುಡುಗಿಯ ಹಾಡು. ಅಮ್ಮ ಹೇಳುತ್ತಾಳೆ, ಜಡೆ ಕಟ್ಟಿಕೋ, ಗುಲಾಬಿ ಬಣ್ಣದ ಪಟ್ಟಿ ಹಾಕಿಕೋ, ನೀಲಿ ರವಿಕೆ ಬಿಗಿದುಕೋ, ಎಲ್ಲರೂ ಕುಣಿಯುವಾಗ ನೀನು ಯಾಕೆ ಅಳುತ್ತಾ ಕೂತಿದ್ದೀಯ? ಹುಡುಗಿಗೆ ಕಾಲೇ ಏಳುವುದಿಲ್ಲ. ಲೂಬಿನ್ ಊರಲ್ಲಿಲ್ಲ. ಪಾಚಿ ಕಟ್ಟಿದ ಕಲ್ಲಿನ ಮೇಲೆ ಕೂತು, ಯಾರಿಗೂ ಕೇಳದ ಹಾಗೆ ನಿಟ್ಟುಸಿರು ಬಿಡುತ್ತಾಳೆ. ನೂಲು ತೆಗೆಯುತ್ತಾ ಹಾಡಿಕೊಳ್ಳುತ್ತಾಳೆ. ಅವನಿಲ್ಲದ ಊರು ನಿದ್ದೆ ಹೋದ ಹಾಗಿದೆ, ಇಲ್ಲವೇ ಸತ್ತ ಹಾಗಿದೆ. ಕಥೆ ಇಷ್ಟೇ.

ಈ ಹಾಡಿನ ಮಟ್ಟು ಹಗುರ, ತೂಗುವ ಲಯ, ಮೇಜರ್ ಸ್ವರ. ಇಷ್ಟು ದುಃಖದ ಮಾತಿಗೆ ಇಷ್ಟು ನಗುಮುಖದ ಮಟ್ಟು ಯಾಕೆ ಎಂದು ಕೇಳಬಹುದು. ನನಗೆ ಅನಿಸುವುದು ಹೀಗೆ. ಅಳುವವಳು ಹುಡುಗಿ. ಸಿಂಗಾರ ಮಾಡಿಕೋ ಎಂದವಳು ಅಮ್ಮ. ಮಟ್ಟು ಅಮ್ಮನ ಮಾತು ಕೇಳಿದೆ. ಜಡೆ ಕಟ್ಟಿಕೊಂಡು, ಪಟ್ಟಿ ಹಾಕಿಕೊಂಡು ಹೊರಗೆ ಬಂದಿದೆ. ಒಳಗಿನ ಅಳು ಅಲ್ಲೊಂದು ಇಲ್ಲೊಂದು ಸ್ವರದಲ್ಲಿ ಮಾತ್ರ ಇಣುಕುತ್ತದೆ. ಮನೆಯಲ್ಲಿ ನೋವಿದ್ದರೂ ಹೂ ಮುಡಿದು ಮದುವೆ ಮನೆಗೆ ಹೋಗಿ ನಗುವ ಹೆಂಗಸರನ್ನು ನಾವು ನೋಡಿಲ್ವಾ?

ಈಗ ಮತ್ತೆ ಪುಟ ನೋಡೋಣ. ಇಂಗ್ಲಿಷ್ ಹಾಡುಗಳಲ್ಲಿ ಮೂರು ಪಟ್ಟಿಗಳಿವೆ. ಧ್ವನಿ ಪಿಯಾನೋದ ಬಲಗೈಯಿಂದ ಬಿಡಿಸಿಕೊಂಡಿದೆ. ಹಾಡು ಹಾಡಿನ ದಾರಿಯಲ್ಲಿ ಹೋಗುತ್ತದೆ, ಪಿಯಾನೋ ತನ್ನ ಮಾತು ತಾನು ಆಡುತ್ತದೆ. ಇಂಗ್ಲೆಂಡಿನ ಪಿಯಾನೋಗಳ ನಾದ ವಿಯೆನ್ನಾದವಕ್ಕಿಂತ ತುಂಬು, ಅದೂ ಹೈಡನ್ ಕಿವಿಗೆ ಬಿದ್ದಿತ್ತು. ಒಂದು ಪಟ್ಟಿ ಹೆಚ್ಚಾದದ್ದು ಸಣ್ಣ ವಿಷಯವಲ್ಲ. ಈಗ ಒಳಗಿನದು ಹೊರಗಿನದು ಎರಡನ್ನೂ ಒಟ್ಟಿಗೆ ಹೇಳಬಹುದು. ಬಾಯಿ ಒಂದು ಹೇಳಿದರೆ ಬೆರಳು ಇನ್ನೊಂದು ಹೇಳಬಹುದು.

ಇದು ಪೂರ್ತಿ ಅರಳಿದ್ದು 1795ರ ಎರಡನೇ ಕಂತಿನ ಒಂದು ಹಾಡಿನಲ್ಲಿ. ಮಾತು ಶೇಕ್ಸ್‌ಪಿಯರ್‌ನ 'ಟ್ವೆಲ್ಫ್ತ್ ನೈಟ್' ನಾಟಕದ್ದು. ಗಂಡಿನ ವೇಷದಲ್ಲಿರುವ ವಯೊಲಾ ತನ್ನ ಕಥೆಯನ್ನೇ ಬೇರೆ ಯಾರದೋ ಎಂಬಂತೆ ಹೇಳುವ ಜಾಗ. ಅವಳು ತನ್ನ ಪ್ರೀತಿಯನ್ನು ಎಂದೂ ಹೇಳಲಿಲ್ಲ, ಮೊಗ್ಗಿನೊಳಗಿನ ಹುಳದಂತೆ ಆ ಗುಟ್ಟು ಅವಳ ಕೆನ್ನೆಯ ಕೆಂಪನ್ನು ತಿಂದಿತು, ತಾಳ್ಮೆಯ ಪ್ರತಿಮೆಯಂತೆ ಕೂತು ದುಃಖವನ್ನು ನೋಡಿ ನಗುತ್ತಿದ್ದಳು. ಪ್ರೀತಿಯನ್ನು ಹೇಳದವಳ ಬಗ್ಗೆ ಹಾಡು ಮಾಡುವುದು ಹೇಗೆ? ಹೈಡನ್ ಹಾಡುವವಳನ್ನು ಕಾಯಿಸುತ್ತಾನೆ. ಬಹಳ ಹೊತ್ತು ಬರೀ ಪಿಯಾನೋ. ಏನೋ ಹೇಳಲು ಹೊರಟು ನಿಲ್ಲುತ್ತದೆ, ಮತ್ತೆ ಹೊರಟು ನಿಲ್ಲುತ್ತದೆ. ಹೇಳಬೇಕಾದದ್ದೆಲ್ಲ ಧ್ವನಿ ಬರುವ ಮೊದಲೇ ಮುಗಿದ ಹಾಗಿರುತ್ತದೆ. ಆಮೇಲೆ ಅವಳು ಬರುತ್ತಾಳೆ, ಕೆಲವೇ ಸಾಲು ಹಾಡುತ್ತಾಳೆ. ಎರಡು ಪಟ್ಟಿಯ ಪುಟದಲ್ಲಿ ಈ ಮೌನವನ್ನು ಬರೆಯಲು ಸಾಧ್ಯವೇ ಇರಲಿಲ್ಲ.

ಸಭೆಯಲ್ಲಿ ಒಬ್ಬರು ಕೇಳಿದರು, ಇಷ್ಟೆಲ್ಲ ಸರಿ, ಆದರೆ ಮುಂದಿನ ತಲೆಮಾರಿನ ಹಾಡುಗಳ ದೊರೆ ಶೂಬರ್ಟ್ ಮುಂದೆ ಇವು ನಿಲ್ಲುತ್ತವಾ? ಆರುನೂರಕ್ಕೂ ಹೆಚ್ಚು ಹಾಡು ಬರೆದ ಶೂಬರ್ಟ್ ಮುಂದೆ ಯಾರೂ ನಿಲ್ಲುವುದು ಕಷ್ಟ. ಆದರೆ ಶೂಬರ್ಟ್‌ನ ಹಾಡಿನಲ್ಲಿ ಒಬ್ಬ ಮನುಷ್ಯ ಲೋಕದಿಂದ ದೂರ ನಡೆಯುತ್ತಾ ಹೋಗುತ್ತಾನೆ. ಹೈಡನ್‌ನ ಹಾಡಿನಲ್ಲಿ ಇನ್ನೂ ಮನೆ ಇದೆ, ಪಕ್ಕದ ಕೋಣೆಯಲ್ಲಿ ಅಮ್ಮ ಇದ್ದಾಳೆ. ನನಗೆ ಎರಡೂ ಬೇಕು.

ಸ್ಕಾಟ್ಲೆಂಡ್, ವೇಲ್ಸ್ ಕಡೆಯ ಸುಮಾರು ನಾನೂರು ಜನಪದ ಹಾಡುಗಳಿಗೂ ಹೈಡನ್ ವಾದ್ಯಸಂಗೀತ ಬರೆದ. ಅದು ಬೇರೆಯೇ ಒಂದು ಉಪನ್ಯಾಸ. ಅವನ ಹಾಡುಗಳಲ್ಲಿ ಲೋಕಕ್ಕೆಲ್ಲ ಗೊತ್ತಾದದ್ದು 1797ರದು. ಇಂಗ್ಲೆಂಡಿನವರು ರಾಜನಿಗೆ ಹಾಡುವ ಪ್ರಾರ್ಥನೆ ಕೇಳಿ ಬಂದಿದ್ದ ಹೈಡನ್, ತನ್ನ ಚಕ್ರವರ್ತಿ ಫ್ರಾಂಟ್ಸ್‌ಗೂ ಅಂಥದ್ದೊಂದು ಬರೆದ. ಮೊದಲು ಹಾಡಿದ್ದು ಫೆಬ್ರುವರಿ 12ರಂದು, ಶೂಬರ್ಟ್ ಹುಟ್ಟಿದ 12 ದಿನಕ್ಕೆ. ಅದರ ಮಾತು ಬರೆದ ಹಾಷ್ಕಾ ಹಿಂದೆ ಗ್ರೈನರ್ ಮನೆಯ ಕೂಟದಲ್ಲಿದ್ದವನೇ. ಅಷ್ಟು ಹೊತ್ತಿಗೆ ಚಕ್ರವರ್ತಿ ಎರಡನೇ ಯೋಸೆಫ್ ತೀರಿಹೋಗಿದ್ದ, ಸೆನ್ಸಾರ್ ಮತ್ತೆ ಬಿಗಿಯಾಗಿತ್ತು, ಪೊಲೀಸರು ಮನೆಮಾತಿಗೂ ಕಿವಿಗೊಡುತ್ತಿದ್ದರು. ಮನೆಯ ಪಿಯಾನೋದಿಂದ ಹೊರಟ ಹಾಡು ಅರಮನೆಯ ಬಾಗಿಲಲ್ಲಿ ನಿಂತಿತು. ಮಟ್ಟು ಮಾತ್ರ ಇವತ್ತಿಗೂ ಸುಂದರ. ಜರ್ಮನಿಯ ರಾಷ್ಟ್ರಗೀತೆಗೆ ಈಗ ಇರುವುದು ಅದೇ ಮಟ್ಟು. 1809ರ ಮೇ ತಿಂಗಳಲ್ಲಿ ನೆಪೋಲಿಯನ್ನನ ಸೈನ್ಯ ವಿಯೆನ್ನಾದಲ್ಲಿ ಕೂತಿದ್ದಾಗ, 77ರ ಹೈಡನ್ ತನ್ನ ಮನೆಯ ಪಿಯಾನೋ ಮುಂದೆ ಕೂತು ಅದನ್ನು ಒಂದೇ ಸಲಕ್ಕೆ ಮೂರು ಬಾರಿ ನುಡಿಸಿದ. ಕೆಲವೇ ದಿನಗಳಲ್ಲಿ, ಮೇ 31ರಂದು, ತೀರಿಕೊಂಡ.

ಕೊನೆಗೆ ಕೇಳಿಸಿದ್ದು ಒಂದೇ ಹಾಡು. ಅದರ ಮಾತು ಆನ್ ಹಂಟರ್‌ದು. 1795ರಲ್ಲಿ ಹೈಡನ್ ಲಂಡನ್ ಬಿಟ್ಟು ಹೊರಡುವಾಗ ಅವನನ್ನು ಬೀಳ್ಕೊಡಲು ಆಕೆ ಬರೆದ ಕವಿತೆ ಎನ್ನುತ್ತಾರೆ. ತನ್ನನ್ನು ಕುರಿತ ಆ ಮಾತುಗಳಿಗೆ ಹೈಡನ್ ತಾನೇ ಮಟ್ಟು ಹಾಕಿದ. ಪಿಯಾನೋ ಮೊದಲು ತನ್ನಷ್ಟಕ್ಕೆ ತಾನು ಮಾತಾಡುತ್ತದೆ. ಆಮೇಲೆ ಹೆಣ್ಣಿನ ದನಿ ಬರುತ್ತದೆ. ಇಂಪಾದ ದನಿಯೇ, ನೀನಿಲ್ಲವೆಂದು ಇನ್ನೂ ಕೊರಗುತ್ತೇನೆ. ಈಗ ನೀನು ಕೇಳಿಸುವುದಿಲ್ಲ. ಆದರೂ ನಿನ್ನ ಸ್ವರ ನನ್ನ ಎದೆಯ ಮೇಲೆ ಇನ್ನೂ ಮಿಡಿಯುತ್ತಿದೆ.